ನೀರು ತಾನೇ ಬರುತ್ತದೆ, ಗೊಬ್ಬರಕ್ಕೆ ಬೇರು ದುಡಿಯಬೇಕು

ಆರಿದ್ರಾ, ಪುನರ್ವಸು ಮಳೆ ಜಡಿ ಹಿಡಿಯಿತೆಂದರೆ ನಮ್ಮ ಕೊರವಂಗಲದ ಕಡೆ ತಗ್ಗಿನ ಹೊಲಗಳು ಹಳದಿಗೆ ತಿರುಗುತ್ತವೆ. ಆಲೂಗೆಡ್ಡೆ ಇರಲಿ, ಮುಸುಕಿನ ಜೋಳ ಇರಲಿ, ಕಥೆ ಒಂದೇ. "ಬೆಳೆಗೆ ಶೀತ ಹಿಡಿದೈತೆ, ಒಂದು ಚೀಲ ಯೂರಿಯಾ ಎರಚು" ಅನ್ನೋದು ಬದುವಿನ ಮೇಲೆ ನಿಂತವರೆಲ್ಲರ ಸಲಹೆ. ಯೂರಿಯಾ ಸಬ್ಸಿಡಿ ದರಕ್ಕೆ ಸಿಗುವುದರಿಂದ ಕೈಯೂ ಮೊದಲು ಅದಕ್ಕೇ ಹೋಗುತ್ತದೆ. ಎರಚಿದ್ದೂ ಆಗುತ್ತದೆ. ನೀರು ನಿಂತಿರುವ ತನಕ ಹಸಿರು ಮಾತ್ರ ಬರುವುದಿಲ್ಲ.

ನನ್ನದು ಮೂರು ಎಕರೆ ಬೆದ್ದಲು, ಇಳಿಜಾರಿನ ಕೆಂಪು ಮಣ್ಣು. ಮೇಲಿನ ತುದಿ, ಕೆಳಗಿನ ತುದಿ ಎರಡಕ್ಕೂ ಒಂದೇ ಬೀಜ, ಒಂದೇ ದಿನದ ನಾಟಿ, ಒಂದೇ ಗೊಬ್ಬರ. ಜಡಿಮಳೆ ನಾಲ್ಕು ದಿನ ಹಿಡಿದರೆ ಮೇಲಿನದು ಹಸಿರು, ಕೆಳಗಿನದು ಹಳದಿ. ಇಳಿಜಾರಿನಲ್ಲಿ ಕೊಚ್ಚಿ ಬಂದ ಗೊಬ್ಬರವೂ ಕೆಳಗೇ ಸೇರುತ್ತದೆ ತಾನೇ? ಹಾಗಿದ್ದರೆ ಕೆಳಗಿನದು ಇನ್ನೂ ಕಪ್ಪಗೆ ಬರಬೇಕಿತ್ತು. ಗೊಬ್ಬರ ಮಣ್ಣಲ್ಲಿದೆ, ಗಿಡದ ಒಳಗೆ ಹೋಗುತ್ತಿಲ್ಲ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತದೆ.

ಯಾಕೆ ಹೋಗುತ್ತಿಲ್ಲ? ಉತ್ತರ ಬೇರಿನ ಜೀವಕೋಶದಲ್ಲಿದೆ. ನಾನು ಓದಿದ್ದು ಏಳನೇ ಕ್ಲಾಸು. ಮಗಳ ಪಿಯುಸಿ ಪುಸ್ತಕವನ್ನು ಅವಳಿಂದಲೇ ಓದಿಸಿ ಕೇಳಿಕೊಂಡು, ಹೊಲದಲ್ಲಿ ಕಂಡದ್ದಕ್ಕೆ ತಾಳೆ ನೋಡಿ ಇದನ್ನು ಬರೆದಿದ್ದೇನೆ. ರೈತನಿಗೆ ಬೇಕಾದಷ್ಟು ಮಾತ್ರ.

ಪೊರೆ ಅನ್ನೋ ಏರಿ

ಇಟ್ಟಿಗೆಯಿಂದ ಗೋಡೆ ಆದ ಹಾಗೆ ಗಿಡವೆಲ್ಲ ಜೀವಕೋಶಗಳಿಂದ ಆಗಿದೆ. ಪ್ರತಿ ಜೀವಕೋಶಕ್ಕೂ ಒಂದು ಪೊರೆ. ಪೊರೆಯ ಹೊರಗೆ ನಾರಿನ ಗೋಡೆಯೊಂದಿದೆ. ಅದು ಜರಡಿ ಇದ್ದ ಹಾಗೆ, ನೀರು ಮತ್ತು ಗೊಬ್ಬರವನ್ನು ಅಷ್ಟಾಗಿ ತಡೆಯುವುದಿಲ್ಲ. ಏನು ಒಳಗೆ ಬರಬೇಕು, ಏನು ಬರಬಾರದು ಅಂತ ನಿರ್ಧರಿಸುವುದು ಪೊರೆ.

ಈ ಪೊರೆ ಕೊಬ್ಬಿನ ಜಾತಿಯ ವಸ್ತುವಿನ ಎರಡು ಪದರ. ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟೂ ದಪ್ಪವಿಲ್ಲ. ಆದರೂ ಗಟ್ಟಿ ಕಾವಲುಗಾರ. ಎಣ್ಣೆಗೆ ಉಪ್ಪು ಹಾಕಿದರೆ ಕರಗುವುದಿಲ್ಲವಲ್ಲ, ಹಾಗೆಯೇ ನಾವು ಹಾಕುವ ಗೊಬ್ಬರದ ಲವಣಗಳು ಈ ಕೊಬ್ಬಿನ ಪದರವನ್ನು ತಾವಾಗಿ ದಾಟಲಾರವು.

ಕೆರೆ ಏರಿಯನ್ನು ನೆನೆಸಿಕೊಳ್ಳಿ. ಏರಿಯ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆ. ಏರಿ ದಾಟಲು ನೀರಿಗೆ ಮೂರು ದಾರಿ. ಸ್ವಲ್ಪ ಒಸರುತ್ತದೆ. ತೂಬು ಎತ್ತಿದರೆ ಧಾರಾಳವಾಗಿ ಹರಿಯುತ್ತದೆ. ಏರಿಯ ಆಚೆ ನೆಲ ಎತ್ತರದಲ್ಲಿದ್ದರೆ ಮೋಟಾರು ಇಟ್ಟು ಎತ್ತಬೇಕು. ಜೀವಕೋಶದ ಪೊರೆಯಲ್ಲೂ ಇವೇ ಮೂರು ದಾರಿ.

ಒಸರು, ತೂಬು, ಮೋಟಾರು

ಒಸರು: ಗಾಳಿಯಲ್ಲಿರುವ ಆಮ್ಲಜನಕ, ಇಂಗಾಲದ ಡೈಆಕ್ಸೈಡು ಇಂಥವು ಪೊರೆಯ ಕೊಬ್ಬಿನ ನಡುವೆಯೇ ನುಸುಳಿ ಹೋಗುತ್ತವೆ. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ. ಊದುಬತ್ತಿ ಹಚ್ಚಿದರೆ ವಾಸನೆ ಮನೆಯೆಲ್ಲ ಹರಡುವ ಹಾಗೆ. ಇದಕ್ಕೆ ಪುಸ್ತಕದಲ್ಲಿ ವಿಸರಣೆ ಅಂತಾರೆ. ಗಿಡಕ್ಕೆ ಒಂದು ಕಾಸೂ ಖರ್ಚಿಲ್ಲ.

ತೂಬು: ಪೊರೆಯ ನಡುನಡುವೆ ಪ್ರೋಟೀನಿನಿಂದಾದ ಸಣ್ಣ ತೂಬುಗಳಿವೆ. ನೀರಿಗೇ ಬೇರೆ ತೂಬು, ಕೆಲವು ಲವಣಗಳಿಗೆ ಬೇರೆ ತೂಬು. ನೀರಿನ ತೂಬನ್ನು ಅಮೆರಿಕದ ಪೀಟರ್ ಆಗ್ರೆ ಎಂಬ ವಿಜ್ಞಾನಿ 1992ರಲ್ಲಿ ತೋರಿಸಿಕೊಟ್ಟರು, 2003ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ತೂಬಿನಲ್ಲೂ ಹರಿವು ಇಳಿಜಾರಿನ ಕಡೆಗೇ, ಶಕ್ತಿ ಬೇಡ. ಆದರೆ ನೀರುಗಂಟಿ ತೂಬು ಮುಚ್ಚಿದರೆ ಹರಿವು ನಿಂತಿತು. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

ಮೋಟಾರು: ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಸಾಗಿಸಬೇಕಾದರೆ ಇದೇ ದಾರಿ. ಗೊರೂರಿನ ಹೇಮಾವತಿ ಕಾಲುವೆಯ ಕೆಳಗಿನ ಗದ್ದೆಗೆ ನೀರು ತಾನೇ ಹೋಗುತ್ತದೆ. ಕಾಲುವೆಗಿಂತ ಮೇಲಿರುವ ಬೆದ್ದಲಿಗೆ ಮೋಟಾರು ಬೇಕು, ಮೋಟಾರಿಗೆ ಕರೆಂಟು ಬೇಕು. ಗೊಬ್ಬರದ ಅಂಶಗಳ ಪಾಡು ಈ ಬೆದ್ದಲಿನ ಪಾಡು. ಮಣ್ಣಿನ ನೀರಿನಲ್ಲಿ ಕರಗಿರುವ ರಂಜಕ ಅತ್ಯಲ್ಪ. ಬೇರಿನ ಜೀವಕೋಶದ ಒಳಗೆ ಅದು ಸಾವಿರ ಪಟ್ಟಿನಷ್ಟು ಹೆಚ್ಚು. ಪೊಟ್ಯಾಷ್ ಕೂಡ ಒಳಗೆ ನೂರು ಪಟ್ಟು ಹೆಚ್ಚಿರುವುದುಂಟು. ತಾನಾಗಿ ಬಿಟ್ಟರೆ ಒಳಗಿನದೇ ಹೊರಗೆ ಹೋದೀತು. ಅದನ್ನು ಏರಿಗೆ ಎದುರಾಗಿ ಎಳೆದು ತುಂಬುವುದು ಬೇರು ದುಡಿಯುವ ದುಡಿಮೆ.

ಆಲೂಗೆಡ್ಡೆಯಲ್ಲೇ ನೋಡಿ

ನೀರು ಯಾವ ಕಡೆಗೆ ಹೋಗುತ್ತದೆ ಅನ್ನೋದಕ್ಕೆ ಒಂದು ಪರೀಕ್ಷೆ. ಶಾಲೆಯಲ್ಲಿ ಮಕ್ಕಳಿಗೆ ಮಾಡಿಸುತ್ತಾರೆ, ನೀವೂ ಅಡಿಗೆ ಮನೆಯಲ್ಲಿ ಮಾಡಬಹುದು.

ಒಂದೇ ಗಾತ್ರದ ಎರಡು ಆಲೂಗೆಡ್ಡೆ ತಗೊಳ್ಳಿ. ಒಂದನ್ನು ಬೇಯಿಸಿ ಆರಿಸಿ. ಎರಡರ ತಳವನ್ನೂ ಮಟ್ಟಸವಾಗಿ ಕೊಯ್ದು, ಕೆಳಗಿನ ಅರ್ಧದ ಸಿಪ್ಪೆ ತೆಗೆಯಿರಿ. ಮೇಲುಗಡೆ ಚಮಚದಿಂದ ಗುಳಿ ತೋಡಿ ಒಂದೊಂದು ಚಮಚ ಸಕ್ಕರೆ ಹಾಕಿ. ಒಂದು ಬೆರಳು ನೀರಿರುವ ತಟ್ಟೆಯಲ್ಲಿ ಎರಡನ್ನೂ ಕೂರಿಸಿ. ಬೆಳಿಗ್ಗೆ ಇಟ್ಟರೆ ಸಂಜೆ ಹೊತ್ತಿಗೆ ಹಸಿ ಗೆಡ್ಡೆಯ ಗುಳಿಯಲ್ಲಿ ನೀರು ತುಂಬಿಕೊಂಡಿರುತ್ತದೆ. ಬೆಂದ ಗೆಡ್ಡೆಯಲ್ಲಿ ಹಾಗೆ ಏರುವುದಿಲ್ಲ.

ಸಕ್ಕರೆಯೋ ಉಪ್ಪೋ ಹೆಚ್ಚಿರುವ ಕಡೆ ನೀರನ್ನು ಎಳೆಯುತ್ತದೆ. ಸಕ್ಕರೆ ಪೊರೆ ದಾಟಿ ಈಚೆ ಬರಲಾರದು, ನೀರು ದಾಟಬಲ್ಲದು. ಹಾಗಾಗಿ ನೀರೇ ಸಕ್ಕರೆಯ ಕಡೆಗೆ ಹೋಗುತ್ತದೆ. ಇದಕ್ಕೆ ಅಭಿಸರಣೆ ಅಂತ ಹೆಸರು. ಬೇಯಿಸಿದ ಗೆಡ್ಡೆಯಲ್ಲಿ ಬಿಸಿಗೆ ಪೊರೆ ಹರಿದಿರುತ್ತದೆ. ಏರಿ ಒಡೆದ ಕೆರೆ ಅದು. ಬೀಟ್‌ರೂಟನ್ನು ಹೆಚ್ಚಿ ತೊಳೆದು ತಣ್ಣೀರಲ್ಲಿ ಹಾಕಿದರೆ ಬಣ್ಣ ಅಷ್ಟಾಗಿ ಬಿಡುವುದಿಲ್ಲ, ಬಿಸಿನೀರಲ್ಲಿ ಹಾಕಿದ ತಕ್ಷಣ ಬಿಡುತ್ತದೆ. ಕಾರಣ ಇದೇ.

ಬೇರು ನೀರು ಕುಡಿಯುವುದೂ ಹೀಗೆ. ಜೀವಕೋಶದ ಒಳಗೆ ಲವಣ, ಸಕ್ಕರೆ ಹೆಚ್ಚು. ಮಣ್ಣಿನ ನೀರಿನಲ್ಲಿ ಕಡಿಮೆ. ಮೇಲಿನಿಂದ ಎಲೆಗಳು ಬೆವರಿ ಎಳೆಯುವ ಎಳೆತವೂ ಸೇರುತ್ತದೆ. ನೀರು ತಾನೇ ಒಳಗೆ ಬರುತ್ತದೆ.

ಕಪಿಲೆಯ ಲೆಕ್ಕ

ಇನ್ನು ಮೋಟಾರಿನ ವಿಷಯ. ಜೀವಿಗಳ ಪೊರೆಯಲ್ಲಿ ಇಂಥ ಪಂಪು ಇದೆ ಅನ್ನೋದನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ ಎಂಬವರು 1957ರಲ್ಲಿ ಏಡಿಯ ನರದಲ್ಲಿ ಕಂಡುಹಿಡಿದರು. 40 ವರ್ಷ ಕಳೆದು, 1997ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು. ಆ ಪಂಪು ಒಂದು ಸಲ ತಿರುಗಿದರೆ 3 ಸೋಡಿಯಂ ಹೊರಕ್ಕೆ, 2 ಪೊಟ್ಯಾಸಿಯಂ ಒಳಕ್ಕೆ. ನಮ್ಮ ನಿಮ್ಮ ಮೈಯಲ್ಲಿ, ದನಕರುಗಳ ಮೈಯಲ್ಲಿ ಇದು ಹಗಲೂ ರಾತ್ರಿ ನಡೆಯುತ್ತಲೇ ಇದೆ.

ಗಿಡದ ಪಂಪು ಸ್ವಲ್ಪ ಬೇರೆ. ಅದು ಜಲಜನಕದ ಕಣಗಳನ್ನು ಹೊರಕ್ಕೆ ತಳ್ಳುತ್ತದೆ. ಹೊರಗೆ ಹೆಚ್ಚಾದ ಆ ಕಣಗಳು ವಾಪಸು ಒಳಗೆ ಬರಲು ಹವಣಿಸುತ್ತವೆ. ಬರುವಾಗ ನೈಟ್ರೇಟನ್ನೋ ರಂಜಕವನ್ನೋ ಜೊತೆಗೆ ಎಳೆದು ತರುತ್ತವೆ. ಹಳಬರು ಕಪಿಲೆ ಹೊಡೆದದ್ದು ನೋಡಿದ್ದೀರಲ್ಲ. ಎತ್ತುಗಳು ಇಳಿಜಾರಿನಲ್ಲಿ ಇಳಿಯುತ್ತವೆ, ಆ ಇಳಿತಕ್ಕೆ ಬಾವಿಯಿಂದ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತದೆ. ಆದರೆ ಎತ್ತುಗಳು ಮತ್ತೆ ಹಿಂದಕ್ಕೆ ದಿಬ್ಬ ಹತ್ತಬೇಕು, ಇಲ್ಲದಿದ್ದರೆ ಎರಡನೇ ಚೀಲ ಬರುವುದಿಲ್ಲ. ಜಲಜನಕ ಒಳಗೆ ಬರುವುದು ಎತ್ತು ಇಳಿದ ಹಾಗೆ. ಅದನ್ನು ಪಂಪು ಹೊರಕ್ಕೆ ತಳ್ಳುವುದು ಎತ್ತು ಹತ್ತಿದ ಹಾಗೆ. ಶಕ್ತಿ ಬೇಕಾಗುವುದು ಆ ಹತ್ತುವುದಕ್ಕೆ.

ಇಂಥ ಜೋಡಿ ಸಾಗಣೆ ನಮ್ಮ ಕರುಳಿನಲ್ಲೂ ಇದೆ. ಅಲ್ಲಿ ಸೋಡಿಯಂ ಮತ್ತು ಗ್ಲೂಕೋಸು ಒಂದೇ ಬಾಗಿಲಲ್ಲಿ ಜೊತೆಯಾಗಿ ಒಳಗೆ ಹೋಗುತ್ತವೆ, ಹಿಂದೆಯೇ ನೀರು ಹೋಗುತ್ತದೆ. ವಾಂತಿಭೇದಿಯಾದವರಿಗೆ ಬರೀ ನೀರಿನ ಬದಲು ಉಪ್ಪು ಸಕ್ಕರೆ ಹಾಕಿದ ನೀರು ಕೊಡುವುದು ಇದಕ್ಕೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಗೆ ಬನಗಾಂವ್ ಶಿಬಿರದಲ್ಲಿ ಕಾಲರಾ ತಗುಲಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಈ ನೀರನ್ನು ಕುಡಿಸಿಯೇ ಬಹಳ ಜನರ ಜೀವ ಉಳಿಸಿದರು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಕರುಗಳ ಭೇದಿಗೆ ಪಶುವೈದ್ಯರು ಕುಡಿಸುವ ದ್ರಾವಣದ ಹಿಂದಿನ ಲೆಕ್ಕವೂ ಇದೇ.

ಬೇರಿನ ಕರೆಂಟು ಗಾಳಿ

ಈಗ ಮುಖ್ಯ ಮಾತಿಗೆ ಬರೋಣ. ಬೇರಿನ ಪಂಪಿಗೆ ಕರೆಂಟು ಎಲ್ಲಿಂದ? ಎಲೆ ಮಾಡಿದ ಸಕ್ಕರೆ ಬೇರಿಗೆ ಇಳಿಯುತ್ತದೆ. ಬೇರು ಉಸಿರಾಡಿ ಅದನ್ನು ಉರಿಸಿ ಶಕ್ತಿ ತೆಗೆಯುತ್ತದೆ. ಆ ಶಕ್ತಿಯ ನಾಣ್ಯಕ್ಕೆ ಎಟಿಪಿ ಅಂತ ಹೆಸರು. ಆಮ್ಲಜನಕ ಸಿಕ್ಕರೆ ಒಂದು ಗ್ಲೂಕೋಸಿನಿಂದ ಸುಮಾರು 30 ಎಟಿಪಿ. ಆಮ್ಲಜನಕ ಸಿಗದಿದ್ದರೆ ಅದೇ ಗ್ಲೂಕೋಸಿನಿಂದ ಬರೀ 2. ಹದಿನೈದು ರೂಪಾಯಿ ದುಡಿಯುತ್ತಿದ್ದವನಿಗೆ ಒಂದು ರೂಪಾಯಿ ಸಿಕ್ಕ ಹಾಗೆ.

ಬೇರಿಗೆ ಆಮ್ಲಜನಕ ಸಿಗುವುದು ಮಣ್ಣಿನ ಸಂದುಗಳಲ್ಲಿರುವ ಗಾಳಿಯಿಂದ. ಮಳೆ ನೀರು ನಿಂತರೆ ಸಂದುಗಳೆಲ್ಲ ನೀರು. ನೀರಿನಲ್ಲಿ ಆಮ್ಲಜನಕ ಸಾಗುವುದು ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು 10 ಸಾವಿರ ಪಟ್ಟು ನಿಧಾನ. ಮಣ್ಣಲ್ಲಿ ಉಳಿದಿದ್ದ ಅಷ್ಟಿಷ್ಟನ್ನು ಬೇರು, ಸೂಕ್ಷ್ಮಜೀವಿಗಳು ಸೇರಿ ಒಂದೆರಡು ದಿನದಲ್ಲಿ ಮುಗಿಸುತ್ತವೆ. ಅಲ್ಲಿಗೆ ಕರೆಂಟು ಹೋಯಿತು, ಮೋಟಾರು ನಿಂತಿತು. ಹೊರಗೆ ಎಷ್ಟು ಗೊಬ್ಬರ ಇದ್ದರೇನು, ಎತ್ತುವವರಿಲ್ಲ. ಗಿಡ ಹಳೇ ಎಲೆಯಲ್ಲಿದ್ದ ಸಾರಜನಕವನ್ನು ಎಳೇ ಎಲೆಗೆ ಸಾಗಿಸುತ್ತದೆ. ಕೆಳಗಿನ ಎಲೆ ಮೊದಲು ಹಳದಿ ಆಗುವುದು ಅದಕ್ಕೇ.

ಈ ಹೊತ್ತಲ್ಲಿ ಎರಚಿದ ಯೂರಿಯಾ ಏನಾಗುತ್ತದೆ? ಸ್ವಲ್ಪ ನೀರಿನೊಂದಿಗೆ ಹರಿದು ಹೋಗುತ್ತದೆ. ಮಣ್ಣಿನಲ್ಲಿ ನೈಟ್ರೇಟಾಗಿ ಇದ್ದದ್ದನ್ನು, ಗಾಳಿ ಸಿಗದೆ ಒದ್ದಾಡುವ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಬಳಸಿಕೊಂಡು ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುತ್ತವೆ. ನಮ್ಮ ದುಡ್ಡು ಅಕ್ಷರಶಃ ಗಾಳಿಗೆ ಹೋಗುತ್ತದೆ.

"ಹಂಗಾದ್ರೆ ಭತ್ತ ಹೆಂಗೆ ನೀರಲ್ಲಿ ಬದುಕ್ತದೆ?" ಅಂತ ಕೇಳುವವರಿದ್ದಾರೆ. ಭತ್ತದ ಗಿಡದೊಳಗೆ ಎಲೆಯಿಂದ ಬೇರಿನವರೆಗೆ ಗಾಳಿ ಇಳಿಯುವ ಕೊಳವೆಗಳಿವೆ. ಹೊಳೆನರಸೀಪುರದ ಗದ್ದೆಯ ಭತ್ತ ತನ್ನ ಕರೆಂಟನ್ನು ತಾನೇ ಮೇಲಿನಿಂದ ತಂದುಕೊಳ್ಳುತ್ತದೆ. ಆಲೂಗೆಡ್ಡೆಗೆ ಆ ಅನುಕೂಲವಿಲ್ಲ.

ನೀರಲ್ಲಿ ನಿಂತು ಬಾಡುವ ಗಿಡ

ಇನ್ನೊಂದು ವಿಚಿತ್ರ ನೋಡಿರುತ್ತೀರಿ. ಜಡಿಮಳೆ ಬಿಟ್ಟು ಬಿಸಿಲು ಬಿದ್ದ ದಿನ ಕಾಲಡಿ ನೀರಿದ್ದರೂ ಗಿಡ ಜೋಲುತ್ತದೆ. ನೀರು ತಾನೇ ಬರುವುದಾದರೆ ಬಾಡುವುದೇಕೆ? ಮೇಲೆ ಹೇಳಿದ ನೀರುಗಂಟಿಯ ಮಾತು ಇಲ್ಲಿ ಬರುತ್ತದೆ. ಆಮ್ಲಜನಕ ಇಲ್ಲದಾಗ ಜೀವಕೋಶದ ಒಳಗೆ ಹುಳಿ ಹೆಚ್ಚುತ್ತದೆ. ಹುಳಿ ಹೆಚ್ಚಿದರೆ ನೀರಿನ ತೂಬುಗಳು ಮುಚ್ಚಿಕೊಳ್ಳುತ್ತವೆ. ಎಲೆ ಬಿಸಿಲಿಗೆ ಬೆವರುತ್ತದೆ, ಕೆಳಗಿನಿಂದ ನೀರು ಏರುವುದಿಲ್ಲ. ಬಾಡಿದೆ ಅಂತ ಮತ್ತೆ ನೀರು ಬಿಟ್ಟರೆ ಗಿಡದ ಕತ್ತು ಹಿಸುಕಿದ ಹಾಗೆ.

ಗೊಬ್ಬರ ಬೀಜವನ್ನು ಸುಡುವುದು

ನೀರು ಉಪ್ಪಿನ ಕಡೆಗೆ ಹೋಗುತ್ತದೆ ಅಂದೆವಲ್ಲ, ಅದು ನಮಗೆ ತಿರುಗಿ ಹೊಡೆಯುವುದೂ ಉಂಟು. ಜಲಂಧರದಿಂದ ಬಂದ ಬಿತ್ತನೆ ಗೆಡ್ಡೆಗೆ ಸಾವಿರಾರು ರೂಪಾಯಿ ಕೊಟ್ಟು, ಕೊಯ್ದು, ಸಾಲಿಗಿಟ್ಟು, ಅದರ ಮೈಗೇ ಗೊಬ್ಬರ ಸುರಿದರೆ ಗೊಬ್ಬರದ ಲವಣ ಕಣ್ಣಿನಿಂದ ನೀರನ್ನು ಹೊರಗೆಳೆಯುತ್ತದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಟ್ಟು ಸೊರಗುತ್ತದಲ್ಲ, ಹಾಗೆ. ಮಳೆ ಕೈಕೊಟ್ಟು ಮಣ್ಣು ಒಣಗಿದ್ದರೆ ಉಪ್ಪು ಇನ್ನೂ ಗಟ್ಟಿ, ಸುಡುವುದು ಇನ್ನೂ ಜಾಸ್ತಿ. ಗೊಬ್ಬರಕ್ಕೂ ಗೆಡ್ಡೆಗೂ ನಡುವೆ ಮೂರು ಬೆರಳು ಮಣ್ಣು ಇರಲೇಬೇಕು.

ಬರಕ್ಕೆ ಪೊಟ್ಯಾಷ್

ಬೆದ್ದಲಿನವರಿಗೆ ಶೀತಕ್ಕಿಂತ ಒಣಗುವ ಭಯವೇ ಹೆಚ್ಚು. ಅಲ್ಲೂ ಪೊರೆಯ ಕೆಲಸವಿದೆ. ಎಲೆಯ ಮೇಲೆ ಕಣ್ಣಿಗೆ ಕಾಣದ ಸಣ್ಣ ಬಾಯಿಗಳಿವೆ. ಪ್ರತಿ ಬಾಯಿಗೂ ಎರಡು ಕಾವಲು ಕೋಶ. ಪಂಪು ಶಕ್ತಿ ಖರ್ಚು ಮಾಡಿದಾಗ ಪೊಟ್ಯಾಷ್ ಆ ಕೋಶಗಳ ಒಳಗೆ ಸೇರುತ್ತದೆ. ಹಿಂದೆಯೇ ನೀರು ತಾನಾಗಿ ಬರುತ್ತದೆ, ಕೋಶ ಉಬ್ಬುತ್ತದೆ, ಬಾಯಿ ತೆರೆಯುತ್ತದೆ. ಪೊಟ್ಯಾಷ್ ಹೊರಗೆ ಹೋದರೆ ನೀರೂ ಹೋಗಿ ಬಾಯಿ ಮುಚ್ಚುತ್ತದೆ. ದುಡಿದು ಎಳೆಯುವುದು, ತಾನೇ ಬರುವುದು ಎರಡೂ ಇಲ್ಲಿ ಒಟ್ಟಿಗೆ. ಪೊಟ್ಯಾಷ್ ಕೊರತೆಯಾದ ಗಿಡ ಈ ಬಾಯಿಗಳನ್ನು ಹತೋಟಿಯಲ್ಲಿಟ್ಟುಕೊಳ್ಳಲಾರದೆ ಬೇಗ ಸೋಲುತ್ತದೆ. ಯೂರಿಯಾ ಒಂದನ್ನೇ ಕೊಟ್ಟು ಪೊಟ್ಯಾಷ್ ಬಿಡುವವರು ಇದನ್ನು ಗಮನಿಸಬೇಕು. ಬೂದಿಯಲ್ಲೂ ಪೊಟ್ಯಾಷ್ ಇದೆ, ಹಿತ್ತಲಲ್ಲಿ ಚೆಲ್ಲುವ ಬದಲು ಹೊಲಕ್ಕೆ ಹಾಕಬಹುದು.

ಹೊಲದಲ್ಲಿ ಮಾಡುವುದೇನು?

1. ಹಳದಿ ಕಂಡ ಕೂಡಲೇ ಚೀಲಕ್ಕೆ ಕೈ ಹಾಕಬೇಡಿ. ಗುದ್ದಲಿಯಲ್ಲಿ ಎರಡು ಗಿಡ ಮೀಟಿ ನೋಡಿ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಉಸಿರಾಡುತ್ತಿದೆ, ಹಸಿವೆಯೋ ರೋಗವೋ ಹುಡುಕಿ. ಬೇರು ಕಂದಾಗಿ ಮೆತ್ತಗಿದ್ದು ಮಣ್ಣು ಕೊಳೆತ ವಾಸನೆ ಬಂದರೆ ಮೊದಲು ಗಾಳಿ ಕೊಡಬೇಕು.

2. ಗಾಳಿ ಕೊಡುವುದೆಂದರೆ ನೀರು ಬಸಿಯುವುದು. ನಾಟಿಗೆ ಮೊದಲೇ ವಾಟ ನೋಡಿ ತಗ್ಗಿನ ಕಡೆ ಬಸಿಗಾಲುವೆ ತೆಗೆಯಿರಿ. ಮಳೆಯಲ್ಲಿ ಗುದ್ದಲಿ ಹಿಡಿದು ಓಡುವುದಕ್ಕಿಂತ ಅದು ಸುಲಭ. ಆಲೂಗೆಡ್ಡೆಗೆ ಮಣ್ಣು ಏರಿಸುವುದರಿಂದ ಗೆಡ್ಡೆ ಮುಚ್ಚುವುದಷ್ಟೇ ಅಲ್ಲ, ಬೇರಿಗೆ ಉಸಿರೂ ಸಿಗುತ್ತದೆ.

3. ನೀರು ಇಳಿದು ಮಣ್ಣು ಹದಕ್ಕೆ ಬಂದ ಮೇಲೆ ಸಾಲಿನ ನಡುವೆ ಕುಂಟೆ ಆಡಿಸಿ. ಮೇಲಿನ ಹೆಪ್ಪು ಒಡೆದರೆ ಗಾಳಿ ಇಳಿಯುತ್ತದೆ. ಮೇಲುಗೊಬ್ಬರಕ್ಕೆ ಅದೇ ಸಮಯ. ಹದಕ್ಕೆ ಬರುವ ಮೊದಲೇ ತುಳಿದರೆ ಇದ್ದ ಸಂದೂ ಮುಚ್ಚುತ್ತದೆ.

4. ಸಾರಜನಕವನ್ನು ಒಂದೇ ಸಲಕ್ಕೆ ಸುರಿಯಬೇಡಿ. ಅರ್ಧ ನಾಟಿಯಲ್ಲಿ, ಇನ್ನರ್ಧ ಮಣ್ಣು ಏರಿಸುವಾಗ.

5. ಬೇರು ಚೇತರಿಸಿಕೊಳ್ಳುವವರೆಗೆ ಎಲೆಗೆ ಕೊಡಬಹುದು. ಮಳೆ ಬಿಟ್ಟ ಸಂಜೆ ಲೀಟರು ನೀರಿಗೆ 10ರಿಂದ 20 ಗ್ರಾಂ ಯೂರಿಯಾ ಕರಗಿಸಿ ಸಿಂಪಡಿಸಿ. 15 ಲೀಟರಿನ ಕ್ಯಾನಿಗೆ 150ರಿಂದ 300 ಗ್ರಾಂ ಆಯಿತು. ಎಳೇ ಬೆಳೆಗೆ ಕಡಿಮೆಯೇ ಇರಲಿ. ಹೆಚ್ಚು ಹಾಕಿದರೆ ಉಪ್ಪಿನ ಎಳೆತಕ್ಕೆ ಎಲೆಯ ನೀರು ಹೊರಬಂದು ಅಂಚು ಸುಡುತ್ತದೆ. ಇದು ತಾತ್ಕಾಲಿಕ ಊಟ, ಬೇರಿನ ಊಟಕ್ಕೆ ಬದಲಿಯಲ್ಲ.

6. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಬಿದ್ದ ಮಣ್ಣು ಪುಡಿಪುಡಿಯಾಗಿ ಸಂದು ಉಳಿಸಿಕೊಳ್ಳುತ್ತದೆ. ಜಡಿಮಳೆಯಲ್ಲಿ ಬೇಗ ಬಸಿಯುತ್ತದೆ, ಬರದಲ್ಲಿ ತೇವ ಹಿಡಿಯುತ್ತದೆ. ವರ್ಷವರ್ಷ ಹಾಕುತ್ತ ಬಂದವರ ಹೊಲಕ್ಕೂ ಪಕ್ಕದ ಹೊಲಕ್ಕೂ ವ್ಯತ್ಯಾಸ ಮಳೆಗಾಲದಲ್ಲಿ ನೋಡಿದರೆ ಸಾಕು.

ಹಾಸನ ಅಂದರೆ ಆಲೂಗೆಡ್ಡೆ ಅನ್ನುವ ಕಾಲವೊಂದಿತ್ತು. ಅಂಗಮಾರಿ ರೋಗ, ಬಿತ್ತನೆ ಗೆಡ್ಡೆಯ ಖರ್ಚು, ನಂಬಲಾಗದ ಬೆಲೆ ಇವಕ್ಕೆ ಬೇಸತ್ತು ಬಹಳ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದರು. ಶುಂಠಿಯಂತೂ ನಿಂತ ನೀರನ್ನು ಕಂಡರೇ ಆಗದ ಬೆಳೆ. ಬೆಳೆ ಯಾವುದಾದರೂ ಪೊರೆಯ ಲೆಕ್ಕ ಬದಲಾಗುವುದಿಲ್ಲ. ಗೊಬ್ಬರದ ಅಂಗಡಿಗೆ ಹೊರಡುವ ಮುಂಚೆ ಗುದ್ದಲಿ ತಗೊಂಡು ಹೊಲಕ್ಕೆ ಹೋಗಿ. ಬೇರು ಉಸಿರಾಡುತ್ತಿದ್ದರೆ ಮಾತ್ರ ಚೀಲ ಬಿಚ್ಚಿ.